ಒಂದೇ ಹಲಗೆಯ ಪುಷ್ಪಕ: ಬಾಲ್ಸಾ ಪ್ರೊಫೈಲ್ ವಿಮಾನ ಕಟ್ಟಿ ಹಾರಿಸುವ ಸಮಗ್ರ ಮಾರ್ಗದರ್ಶಿ

ಪ್ರೊಫೈಲ್ ಮಾದರಿ ಎಂದರೆ ಪಕ್ಕದಿಂದ ನೋಡಿದಾಗ ಪೂರ್ತಿ ವಿಮಾನ, ಎದುರಿನಿಂದ ನೋಡಿದಾಗ ಒಂದು ಗೆರೆ. ದುಂಡನೆಯ ಮೈ ಕಟ್ಟುವ ಗೋಜಿಲ್ಲ. ಬಾಲ್ಸಾ ಎಂಬ ಹಗುರ ಮರದ 3 ಮಿ.ಮೀ. ದಪ್ಪದ ಹಲಗೆಯ ಮೇಲೆ ವಿಮಾನದ ಪಕ್ಕನೋಟ ಬರೆದು ಕತ್ತರಿಸಿ, ಮೇಲೊಂದು ರೆಕ್ಕೆ, ಹಿಂದೊಂದು ಬಾಲ ಅಂಟಿಸಿದರೆ ಆಕಾರ ಸಿದ್ಧ. ಮೂತಿಯಲ್ಲಿ ಪ್ರೊಪೆಲ್ಲರ್, ಅದನ್ನು ತಿರುಗಿಸಲು ಹುರಿಗೊಳಿಸಿದ ರಬ್ಬರ್. ಬ್ಯಾಟರಿ, ಮೋಟರ್, ರಿಮೋಟ್ ಯಾವುದೂ ಬೇಡ. ಉಪಾಯವೇನೂ ಹೊಸದಲ್ಲ. 1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೋ ಪ್ಯಾರಿಸ್‌ನ ಟ್ಯುಲರಿ ಉದ್ಯಾನದಲ್ಲಿ ರಬ್ಬರ್ ಹುರಿಯ ಪುಟ್ಟ ವಿಮಾನವನ್ನು 11 ಸೆಕೆಂಡು ಹಾರಿಸಿ ತೋರಿಸಿದ್ದ. ರೈಟ್ ಸಹೋದರರು ಹಾರಿದ್ದು ಅದಾದ 32 ವರ್ಷಕ್ಕೆ.

ಕಟ್ಟುವುದು ಎರಡು ಮೂರು ಸಂಜೆಯ ಕೆಲಸ. ಕಟ್ಟಿದ್ದನ್ನು ನೆಟ್ಟಗೆ ಹಾರುವಂತೆ ಹದಕ್ಕೆ ತರುವುದು ಇನ್ನೊಂದೇ ಕೆಲಸ, ಬಹಳಷ್ಟು ಜನ ಕೈಬಿಡುವುದೂ ಅಲ್ಲಿಯೇ. ಆದ್ದರಿಂದ ಅಂಟು-ಕತ್ತರಿಯ ಭಾಗವನ್ನು ಅಗತ್ಯವಿದ್ದಷ್ಟು ಹೇಳಿ, ಮೈದಾನದ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವ ವಿಮಾನ?

ಮೊದಲ ಸಲ ಕಟ್ಟುವವರು ತೇಜಸ್, ಸುಖೋಯ್ ಅಂತ ಹಟ ಹಿಡಿಯುತ್ತಾರೆ. ಬೇಡ. ಜೆಟ್ ವಿಮಾನಗಳ ರೆಕ್ಕೆ ಚಿಕ್ಕದು, ರಬ್ಬರಿನ ಶಕ್ತಿಗೆ ಅವು ಒಗ್ಗುವುದಿಲ್ಲ. ನಮಗೆ ಬೇಕಾದದ್ದು ಉದ್ದನೆಯ ನೇರ ರೆಕ್ಕೆ, ಅದೂ ಮೈಯ ಮೇಲುಗಡೆ ಇರುವಂಥದ್ದು. ತೂಕವೆಲ್ಲ ರೆಕ್ಕೆಯ ಕೆಳಗೆ ತೂಗುತ್ತಿದ್ದರೆ ವಿಮಾನ ತಾನಾಗಿಯೇ ಸಮ ನಿಲ್ಲುವ ಸ್ವಭಾವ ತೋರಿಸುತ್ತದೆ.

ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿರುವುದು ಬೆಂಗಳೂರಿನದೇ ವಿಮಾನ, ಪುಷ್ಪಕ್. ಆಗಿನ್ನೂ ಹಿಂದುಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಎಂಬ ಹೆಸರಿದ್ದ ಎಚ್‌ಎಎಲ್ ಕಟ್ಟಿದ ಈ ಇಬ್ಬರ ಸೀಟಿನ ವಿಮಾನ ಮೊದಲು ಹಾರಿದ್ದು 1958ರ ಸೆಪ್ಟೆಂಬರ್ 28ರಂದು. 90 ಅಶ್ವಶಕ್ತಿಯ ಎಂಜಿನ್, ಬಟ್ಟೆ ಹೊದೆಸಿದ ಮೈ, ಮೇಲ್ಗಡೆ ಒಂದೇ ಅಗಲದ ರೆಕ್ಕೆ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳು ಹಾರಾಟ ಕಲಿತದ್ದು ಇದರಲ್ಲೇ. ಅಸಲಿ ಪುಷ್ಪಕ್‌ನ ರೆಕ್ಕೆಯ ಹರವು 10.97 ಮೀಟರ್, ಉದ್ದ 6.4 ಮೀಟರ್. ನಾವು ರೆಕ್ಕೆಯನ್ನು 40 ಸೆಂ.ಮೀ.ಗೆ ಇಳಿಸುತ್ತೇವೆ. ಅದೇ ಅಳತೆಯಲ್ಲಿ ಮೈ 23 ಸೆಂ.ಮೀ. ಚಿಲ್ಲರೆ ಬರಬೇಕು, ಆದರೆ 26ಕ್ಕೆ ಹಿಗ್ಗಿಸುತ್ತೇವೆ. ಬಾಲವನ್ನೂ ಸ್ವಲ್ಪ ದೊಡ್ಡದು ಮಾಡುತ್ತೇವೆ. ಶೋಕೇಸಿನಲ್ಲಿಡುವ ಮಾದರಿಯಾದರೆ ಇದು ಅಪಚಾರ. ಹಾರುವ ಮಾದರಿಗೆ ಬಾಲದ ಹಿಡಿತ ಮುಖ್ಯ.

ಬಾಲ್ಸಾ ಕೊಳ್ಳುವಾಗ ತಕ್ಕಡಿ ಜೊತೆಗಿರಲಿ

ಬಾಲ್ಸಾ ಬರುವುದು ಹೆಚ್ಚಾಗಿ ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ. ನಮ್ಮ ಬೂರುಗದ ಮರಕ್ಕೆ ಅದು ಹತ್ತಿರದ ನೆಂಟ. ಬೇಗ ಬೆಳೆಯುವ ಮರ, ಒಂದೇ ಮರದೊಳಗೂ ತೂಕದಲ್ಲಿ ಅಜಗಜಾಂತರ. ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಹಾಳೆ ಪಕ್ಕಪಕ್ಕ ಇರುತ್ತವೆ, ಬೆಲೆಯೂ ಒಂದೇ, ಒಂದು ಇನ್ನೊಂದರ ಎರಡರಷ್ಟು ತೂಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ 0.1 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿಯನ್ನು ಬಾಲ್ಸಾಕ್ಕಿಂತ ಮೊದಲು ಕೊಳ್ಳಿ.

ಹಾಳೆಗಳು ಸಾಮಾನ್ಯವಾಗಿ 915 ಮಿ.ಮೀ. ಉದ್ದ, 75 ಮಿ.ಮೀ. ಅಗಲ ಇರುತ್ತವೆ. ನಮಗೆ ಬೇಕಾದದ್ದು ಮೂರು ದಪ್ಪದ್ದು. ರೆಕ್ಕೆಗೆ 1.5 ಮಿ.ಮೀ. ಹಾಳೆ: ತೂಕ 10ರಿಂದ 12 ಗ್ರಾಂ ಇದ್ದರೆ ಚಿನ್ನ, 16 ದಾಟಿದರೆ ಪಕ್ಕಕ್ಕಿಡಿ. ಮೈಗೆ 3 ಮಿ.ಮೀ. ಹಾಳೆ: ಇಲ್ಲಿ ತೀರಾ ಹಗುರ ಬೇಡ, 27ರಿಂದ 33 ಗ್ರಾಂ ಇರಲಿ, ಇಲ್ಲವಾದರೆ ರಬ್ಬರಿನ ಎಳೆತಕ್ಕೆ ಮೈ ಬಾಗುತ್ತದೆ. ಬಾಲಕ್ಕೆ 1 ಮಿ.ಮೀ. ಹಾಳೆ: ಸುಮಾರು 7 ಗ್ರಾಂ.

ತೂಕದ ನಂತರ ಎಳೆ, ಅಂದರೆ ಮರದ ನಾರು ನೋಡಿ. ಹಾಳೆಯನ್ನು ಅಗಲಕ್ಕೆ ಮೆತ್ತಗೆ ಬಗ್ಗಿಸಿದಾಗ ಸುಲಭವಾಗಿ ಕೊಳವೆಯಂತೆ ಬಾಗಿದರೆ ಅದು ಎ-ಗ್ರೇನ್. ಮೇಲ್ಮೈಯಲ್ಲಿ ಉದ್ದುದ್ದ ಗೆರೆಗಳಷ್ಟೇ ಕಾಣುತ್ತವೆ. ಬಾಗಿಸಿ ಮಾಡುವ ರೆಕ್ಕೆಗೆ ಇದೇ ಸರಿ. ಬಗ್ಗದೆ ಬಿಗಿಯಾಗಿ ನಿಂತು, ಮೈಮೇಲೆ ಮೀನಿನ ಹುರುಪೆಯಂಥ ಮಿರುಗುವ ಚುಕ್ಕೆಗಳಿದ್ದರೆ ಅದು ಸಿ-ಗ್ರೇನ್. ಚಪ್ಪಟೆಯಾಗಿಯೇ ಉಳಿಯಬೇಕಾದ ಬಾಲಕ್ಕೆ ಇದು. ಸಿ-ಗ್ರೇನ್ ಹಾಳೆಯನ್ನು ರೆಕ್ಕೆಗೆಂದು ಬಾಗಿಸಲು ಹೋದರೆ ಉದ್ದಕ್ಕೆ ಸೀಳುತ್ತದೆ.

ಆನ್‌ಲೈನಿನಲ್ಲಿ ತರಿಸುವವರಿಗೆ ಈ ಆಯ್ಕೆಯ ಸೌಲಭ್ಯ ಇಲ್ಲ. ಅಂಥವರು ಒಂದೆರಡು ಹಾಳೆ ಹೆಚ್ಚಿಗೆ ತರಿಸಿ, ತೂಗಿ, ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ತೂಕ ಬರೆದಿಡಿ. ಭಾರದ ಹಾಳೆ ವ್ಯರ್ಥವೇನಲ್ಲ, ಆಧಾರ ಪಟ್ಟಿಗಳಿಗೆ ಬರುತ್ತದೆ.

ಉಳಿದ ಸಾಮಾನು

ಹೊಸ ಬ್ಲೇಡ್ ಹಾಕಿದ ಕಟರ್, ಸ್ಟೀಲ್ ಸ್ಕೇಲ್, 120, 240 ಮತ್ತು 400 ನಂಬರಿನ ಉಪ್ಪುಕಾಗದ. ಉಪ್ಪುಕಾಗದವನ್ನು ಬೆರಳಲ್ಲಿ ಹಿಡಿದು ಉಜ್ಜಬೇಡಿ. ಚಪ್ಪಟೆ ಮರದ ತುಂಡಿಗೆ ಅಂಟಿಸಿಕೊಳ್ಳಿ, ಅಂಚು ನೇರ ಬರುತ್ತದೆ. ಗುಂಡುಸೂಜಿ, ಪ್ಲಾಸ್ಟಿಕ್ ಹಾಳೆ, ಮಕ್ಕಳ ಕ್ಲೇ, ದೊಡ್ಡ ಪೇಪರ್ ಕ್ಲಿಪ್, 0.8 ಮಿ.ಮೀ. ಪಿಯಾನೋ ತಂತಿ (ಬಿರುಸಾದ ಉಕ್ಕಿನ ತಂತಿ), 1 ಮಿ.ಮೀ. ಒಳವ್ಯಾಸದ ಹಿತ್ತಾಳೆ ಕೊಳವೆಯ ಚಿಕ್ಕ ತುಂಡು, 15 ಸೆಂ.ಮೀ. ಪ್ಲಾಸ್ಟಿಕ್ ಪ್ರೊಪೆಲ್ಲರ್, 3 ಮಿ.ಮೀ. ಅಗಲದ ಏರೋಮಾಡೆಲಿಂಗ್ ರಬ್ಬರ್ ಪಟ್ಟಿ.

ಅಂಟಿನ ವಿಷಯಕ್ಕೆ ಬಂದರೆ, ಎರಡು ಇಟ್ಟುಕೊಳ್ಳಿ. ಮರದ ಬಿಳಿ ಅಂಟು ಗಟ್ಟಿ ಹಿಡಿಯುತ್ತದೆ, ನಿಧಾನವಾಗಿ ಒಣಗುವುದರಿಂದ ಸರಿಪಡಿಸಲು ಸಮಯ ಸಿಗುತ್ತದೆ. ಆದರೆ ಅದರಲ್ಲಿರುವ ನೀರಿಗೆ ತೆಳು ಹಾಳೆ ಸೊಟ್ಟಗಾಗುತ್ತದೆ, ಹಾಗಾಗಿ ಕಡ್ಡಿ ತುದಿಯಲ್ಲಿ ಹಚ್ಚಿ. ಕ್ಷಣದಲ್ಲಿ ಹಿಡಿಯುವ ಸೈನೋ ಅಂಟು ತಂತಿ, ಕೊಳವೆ ಕೂರಿಸಲಿಕ್ಕೆ ಮತ್ತು ಮೈದಾನದ ರಿಪೇರಿಗೆ. ಬಾಲ್ಸಾ ಅದನ್ನು ಹೀರಿಕೊಳ್ಳುವಾಗ ಬರುವ ಹೊಗೆ ಕಣ್ಣು ಉರಿಸುತ್ತದೆ, ಕಿಟಕಿ ತೆಗೆದಿರಲಿ. ಮಕ್ಕಳು ಕಟ್ಟುತ್ತಿದ್ದರೆ ಕಟರ್ ಮತ್ತು ಸೈನೋ ದೊಡ್ಡವರ ಕೈಯಲ್ಲಿರಲಿ.

ಮೈ

3 ಮಿ.ಮೀ. ಹಲಗೆಯಿಂದ 26 ಸೆಂ.ಮೀ. ಉದ್ದದ ತುಂಡು ತೆಗೆದುಕೊಳ್ಳಿ, ಎಳೆ ಉದ್ದಕ್ಕೇ ಇರಲಿ. ಉದ್ದಕ್ಕೂ ಒಂದು ನಡುಗೆರೆ ಎಳೆಯಿರಿ. ಮುಂದಿನ ಅಳತೆಗಳೆಲ್ಲ ಈ ಗೆರೆಯಿಂದ ಮೇಲಕ್ಕೆ, ಕೆಳಕ್ಕೆ. ಮೂತಿಯ ತುದಿಯನ್ನು ಸೊನ್ನೆ ಎಂದುಕೊಳ್ಳಿ.

ಮೂತಿಯಲ್ಲಿ ಮೇಲೆ 1 ಸೆಂ.ಮೀ., ಕೆಳಗೆ 1 ಸೆಂ.ಮೀ. ಎಂಜಿನ್ ಕವಚ ನಿಧಾನಕ್ಕೆ ದಪ್ಪಗಾಗುತ್ತಾ 4.5 ಸೆಂ.ಮೀ. ಹೊತ್ತಿಗೆ ಮೇಲೆ 1.5, ಕೆಳಗೆ 2 ಆಗಲಿ. ಅಲ್ಲಿಂದ ಗಾಜಿನ ಇಳಿಜಾರು ಏರುತ್ತದೆ, 6 ಸೆಂ.ಮೀ.ಗೆ ಮೇಲಂಚು 3.3 ತಲುಪುತ್ತದೆ. 6ರಿಂದ 12.5 ಸೆಂ.ಮೀ.ವರೆಗೆ ರೆಕ್ಕೆ ಕೂರುವ ಪೀಠ. ಇದು ಮುಂದೆ 3.3, ಹಿಂದೆ 3.0. ಈ ಮೂರು ಮಿಲಿಮೀಟರ್ ಇಳಿಜಾರನ್ನು ಅಲಕ್ಷ್ಯ ಮಾಡಬೇಡಿ. ಬಾಲಕ್ಕೆ ಹೋಲಿಸಿದರೆ ರೆಕ್ಕೆ ಸುಮಾರು ಎರಡೂವರೆ ಡಿಗ್ರಿ ಮೂಗೆತ್ತಿ ನಿಲ್ಲುವುದು ಇದರಿಂದಲೇ, ವಿಮಾನ ಕೆಳಗೆ ಮುಖ ಹಾಕಿದಾಗ ತಾನೇ ಮೇಲೇಳುವುದೂ ಇದರಿಂದಲೇ. ಪೀಠದ ಹಿಂದೆ ಬೆನ್ನು ಇಳಿಯುತ್ತಾ 20.5 ಸೆಂ.ಮೀ.ಗೆ 0.6 ಆಗಿ, 21ರಿಂದ 25.5ರವರೆಗೆ ನಡುಗೆರೆಗೆ ಸಮಾನಾಂತರವಾಗಿ 0.5ರಲ್ಲಿ ಸಪಾಟಾಗಲಿ, ಅದು ಬಾಲದ ಪೀಠ. ಹೊಟ್ಟೆ 12 ಸೆಂ.ಮೀ.ವರೆಗೆ 2ರಲ್ಲೇ ಇದ್ದು, ಆಮೇಲೆ ನೇರವಾಗಿ ಏರಿ ಕೊನೆಯಲ್ಲಿ 0.3ಕ್ಕೆ ಬರಲಿ.

ಕತ್ತರಿಸುವಾಗ ಒಂದೇ ಸಲಕ್ಕೆ ಒತ್ತಿ ಎಳೆಯಬೇಡಿ. ಬ್ಲೇಡ್ ಎಳೆಯ ಜಾಡು ಹಿಡಿದು ಗೆರೆ ಬಿಟ್ಟು ಓಡುತ್ತದೆ. ಗೆರೆಯ ಹೊರಗೆ ಅರ್ಧ ಮಿ.ಮೀ. ಬಿಟ್ಟು, ಹಗುರವಾಗಿ ಮೂರು ನಾಲ್ಕು ಸಲ ಎಳೆದು, ಉಳಿದದ್ದನ್ನು ಉಪ್ಪುಕಾಗದಕ್ಕೆ ಬಿಡಿ. ಪೀಠಗಳನ್ನು ಬಿಟ್ಟು ಮಿಕ್ಕ ಅಂಚುಗಳನ್ನು ದುಂಡಗೆ ಮಾಡಿ. ಬಲಮುಖಕ್ಕೆ, ನಡುಗೆರೆಯುದ್ದಕ್ಕೂ, ಗಟ್ಟಿ ಬಾಲ್ಸಾದ 3×6 ಮಿ.ಮೀ. ಪಟ್ಟಿಯೊಂದನ್ನು ಮೂತಿಯಿಂದ 21 ಸೆಂ.ಮೀ.ವರೆಗೆ ಅಂಟಿಸಿ. ರಬ್ಬರ್ ಎಡಗಡೆ ಬರುತ್ತದೆ, ಅದರ ಎಳೆತಕ್ಕೆ ಮೈ ಬಿಲ್ಲಾಗದಂತೆ ಈ ಬೆನ್ನೆಲುಬು.

ರೆಕ್ಕೆ

1.5 ಮಿ.ಮೀ. ಹಾಳೆಯಿಂದ 20×6.5 ಸೆಂ.ಮೀ.ನ ಎರಡು ತುಂಡು, ಎಳೆ ರೆಕ್ಕೆಯ ಉದ್ದಕ್ಕೆ. ಎರಡನ್ನೂ ತೂಗಿ ನೋಡಿ. ವ್ಯತ್ಯಾಸವಿದ್ದರೆ ಭಾರದ್ದನ್ನು ಉಜ್ಜಿ ಸಮ ಮಾಡಿ. ತುದಿಗಳನ್ನು ಪುಷ್ಪಕ್‌ನಂತೆ ದುಂಡಗೆ ಕತ್ತರಿಸಿ. ಮುಂದಂಚು ದುಂಡಗಿರಲಿ, ಹಿಂದಂಚಿನ 2 ಸೆಂ.ಮೀ. ಭಾಗವನ್ನು ಮೇಲಿನಿಂದ ಉಜ್ಜಿ ಅರ್ಧದಷ್ಟು ದಪ್ಪಕ್ಕೆ ತನ್ನಿ.

ಈಗ ಬಾಗು. ಚಪ್ಪಟೆ ರೆಕ್ಕೆಯೂ ಹಾರುತ್ತದೆ, ಆದರೆ ಬಾಗಿದ ರೆಕ್ಕೆಯ ಗ್ಲೈಡ್, ಅಂದರೆ ಪ್ರೊಪೆಲ್ಲರಿನ ಬಲವಿಲ್ಲದೆ ತೇಲಿ ಇಳಿಯುವುದನ್ನು, ನೋಡಿದವರು ಮತ್ತೆ ಚಪ್ಪಟೆಗೆ ಹೋಗುವುದಿಲ್ಲ. ಹಾಳೆಯ ಮೇಲ್ಮುಖವನ್ನು ಮಾತ್ರ ಬಿಸಿನೀರಿನ ಬಟ್ಟೆಯಿಂದ ಒರೆಸಿ. ಒದ್ದೆಯಾದ ಮುಖ ಹಿಗ್ಗಿ ಹಾಳೆ ತಾನೇ ಕಮಾನಾಗತೊಡಗುತ್ತದೆ. ಆಗ ಅದನ್ನು 4 ಲೀಟರಿನ ಪೇಂಟ್ ಡಬ್ಬಿಯ ಮೇಲೆ, ರೆಕ್ಕೆಯ ಉದ್ದ ಡಬ್ಬಿಯ ಎತ್ತರದ ಗುಂಟ ಬರುವಂತೆ ಇಟ್ಟು, ಬ್ಯಾಂಡೇಜ್ ಬಟ್ಟೆ ಸುತ್ತಿ ರಾತ್ರಿಯಿಡೀ ಬಿಡಿ. ಹಗ್ಗ ಸುತ್ತಿದರೆ ಗುರುತು ಬೀಳುತ್ತದೆ. ಬಿಚ್ಚಿದಾಗ ಬಾಗು ಸ್ವಲ್ಪ ಸಡಿಲುತ್ತದೆ, ಸಡಿಲಲಿ. ಅದನ್ನು ನಿಲ್ಲಿಸಲು ಪಕ್ಕೆಲುಬುಗಳು: 5.5 ಸೆಂ.ಮೀ. ಉದ್ದ, ತಳ ಸಪಾಟು, ಮೇಲೆ ಕಮಾನು, ಮುಂದಿನಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿ 4 ಮಿ.ಮೀ. ಎತ್ತರ. ಪ್ರತಿ ರೆಕ್ಕೆಯ ಅಡಿಗೆ ಎರಡು, 1.5 ಮಿ.ಮೀ. ಹಾಳೆಯದ್ದು, ಎಳೆ ಪಕ್ಕೆಲುಬಿನ ಉದ್ದಕ್ಕೆ. ನಟ್ಟನಡುವಿಗೆ 3 ಮಿ.ಮೀ. ದಪ್ಪದ್ದೊಂದು, ಮೈಯ ಪೀಠದ ಮೇಲೆ ಕೂರುವುದು ಅದೇ.

ಎರಡು ರೆಕ್ಕೆಗಳ ತುದಿಯೂ ನಡುವಿಗಿಂತ 3 ಸೆಂ.ಮೀ. ಮೇಲೇಳಬೇಕು. ಇದನ್ನು ಡೈಹೆಡ್ರಲ್ ಅನ್ನುತ್ತಾರೆ. ಗಾಳಿಯ ಒಂದು ಹೊಡೆತಕ್ಕೆ ವಿಮಾನ ಎಡಕ್ಕೆ ವಾಲಿತು ಎಂದಿಟ್ಟುಕೊಳ್ಳಿ: ಅದು ಎಡಕ್ಕೆ ಜಾರತೊಡಗುತ್ತದೆ, ಜಾರುವಾಗ ಎಡ ರೆಕ್ಕೆಗೆ ಗಾಳಿ ಹೆಚ್ಚಿನ ಕೋನದಲ್ಲಿ ತಾಗಿ ಅದನ್ನೇ ಮೇಲಕ್ಕೆತ್ತುತ್ತದೆ. ಪೈಲಟ್ ಇಲ್ಲದ ವಿಮಾನದಲ್ಲಿ ಪೈಲಟ್ಟಿನ ಅರ್ಧ ಕೆಲಸ ಮಾಡುವುದು ಈ ಮೂರು ಸೆಂಟಿಮೀಟರು.

ಜೋಡಣೆ ಬಿಗಿಯಾಗಲು ಬುಡದ ಅಂಚನ್ನು ಓರೆಗೊಳಿಸಬೇಕು. ರೆಕ್ಕೆಯ ಬುಡವನ್ನು ಮೇಜಿನ ಅಂಚಿಗೆ ಸರಿಯಾಗಿ ತಂದು, ತುದಿಯ ಕೆಳಗೆ 3 ಸೆಂ.ಮೀ. ಎತ್ತರದ ಪುಸ್ತಕ ಇಡಿ. ಉಪ್ಪುಕಾಗದದ ತುಂಡನ್ನು ಮೇಜಿನ ಅಂಚಿಗೆ ಒತ್ತಿ ನೆಟ್ಟಗೆ ನಿಲ್ಲಿಸಿಕೊಂಡು ಉಜ್ಜಿ. ಕೋನ ತಾನಾಗಿ ಸರಿಯಾಗಿ ಬರುತ್ತದೆ, ಕೋನಮಾಪಕ ಬೇಕಿಲ್ಲ. ಎರಡೂ ಅಂಚಿಗೆ ತೆಳುವಾಗಿ ಬಿಳಿ ಅಂಟು ಸವರಿ ಒಣಗಲು ಬಿಡಿ, ಮತ್ತೊಮ್ಮೆ ಸವರಿ ಜೋಡಿಸಿ. ಮೊದಲ ಅಂಟನ್ನು ಮರ ಕುಡಿದುಬಿಡುತ್ತದೆ, ಹಿಡಿಯುವುದು ಎರಡನೆಯದು. ಒಂದು ರೆಕ್ಕೆಯನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸಪಾಟಾಗಿ ಪಿನ್ ಮಾಡಿದರೆ ಇನ್ನೊಂದರ ತುದಿ 6 ಸೆಂ.ಮೀ. ಎತ್ತರದಲ್ಲಿರಬೇಕು. ಒಣಗಿದ ಮೇಲೆ ನಡುವಿನ ಪಕ್ಕೆಲುಬು ಅಂಟಿಸಿ, ಕೂಡುಗೆರೆಯ ಮೇಲೆ ತೆಳು ಟಿಶ್ಯೂ ಪಟ್ಟಿಯೊಂದನ್ನು ಅಂಟಿನಲ್ಲಿ ಅದ್ದಿ ಹಚ್ಚಿ.

ಬಾಲ

ಅಡ್ಡ ಬಾಲ 15×4.5 ಸೆಂ.ಮೀ., ಎಳೆ ಉದ್ದಕ್ಕೆ. ನಿಂತ ಫಿನ್ 5 ಸೆಂ.ಮೀ. ಎತ್ತರ, ತಳ 4.5, ಎಳೆ ಕೆಳಗಿನಿಂದ ಮೇಲಕ್ಕೆ, ತುದಿ ದುಂಡು. ಎರಡೂ 1 ಮಿ.ಮೀ. ಹಾಳೆಯವು. ಬಾಲದಲ್ಲಿ ಅಂಟು, ಬಣ್ಣ ಎರಡಕ್ಕೂ ಜಿಪುಣತನ ಇರಲಿ. ಅಲ್ಲಿ 1 ಗ್ರಾಂ ಹೆಚ್ಚಾದರೆ ಅದನ್ನು ತೂಗಿಸಲು ಮೂತಿಗೆ ಸುಮಾರು 1.7 ಗ್ರಾಂ ಕ್ಲೇ ಬೇಕು. ಒಟ್ಟು 15 ಗ್ರಾಂ ವಿಮಾನಕ್ಕೆ ಇದು ಸಣ್ಣ ಮಾತಲ್ಲ.

ಬಣ್ಣದ ಆಸೆ ಇದ್ದರೆ ಸ್ಪ್ರೇ ಡಬ್ಬಿ ಮುಟ್ಟಬೇಡಿ. ಕಿಟಕಿ, ಬಾಗಿಲು, ಎಂಜಿನ್ ಕವಚದ ಗೆರೆಗಳನ್ನು ತೆಳು ಮಾರ್ಕರಿನಲ್ಲಿ ಬರೆದು, ರೆಕ್ಕೆಯ ಮೇಲೆ ಭಾರತದ ನಾಗರಿಕ ವಿಮಾನಗಳ ವಿಟಿ ಅಕ್ಷರದಿಂದ ಶುರುವಾಗುವ ನೋಂದಣಿ ಹಾಕಿದರೆ ಸಾಕು, ಹತ್ತು ಅಡಿ ದೂರದಿಂದ ಪುಷ್ಪಕ್ ಅಂತಲೇ ಕಾಣುತ್ತದೆ. ಚಕ್ರಗಳನ್ನು ನಾನು ಹಾಕುವುದಿಲ್ಲ. ಹುಲ್ಲಿನ ಮೇಲೆ ಇಳಿಯುವ ವಿಮಾನಕ್ಕೆ ಅವು ಬರೀ ಭಾರ.

ಮೂತಿ ಮತ್ತು ರಬ್ಬರ್

ಹುರಿಯಾದ ರಬ್ಬರ್ ಗಂಟುಗಂಟಾಗಿ ಉಬ್ಬುತ್ತದೆ, ಮೈಗೆ ಉಜ್ಜಬಾರದು. ಆದ್ದರಿಂದ ಮೂತಿಯ ಎಡಮುಖಕ್ಕೆ, ನಡುಗೆರೆಯ ಮೇಲೆ, 5 ಮಿ.ಮೀ. ದಪ್ಪದ ಗಟ್ಟಿ ಬಾಲ್ಸಾ ತುಂಡು ಅಂಟಿಸಿ, ಅದರ ಮೇಲೆ 12 ಮಿ.ಮೀ. ಉದ್ದದ ಹಿತ್ತಾಳೆ ಕೊಳವೆ ಕೂರಿಸಿ. ನೂಲು ಸುತ್ತಿ ಸೈನೋ ಹನಿ ಬಿಡಿ, ಕೊಳವೆಯ ಬಾಯಿಗೆ ಅಂಟು ಹೋಗದಂತೆ ನೋಡಿಕೊಳ್ಳಿ. ಪಿಯಾನೋ ತಂತಿಯ ಒಂದು ತುದಿಗೆ ಕೊಕ್ಕೆ ಬಗ್ಗಿಸಿ, ಹಿಂದಿನಿಂದ ಕೊಳವೆಯೊಳಗೆ ತೂರಿಸಿ, ಮುಂದೆ ಒಂದು ಪ್ಲಾಸ್ಟಿಕ್ ಮಣಿ, ಅದರ ಮುಂದೆ ಪ್ರೊಪೆಲ್ಲರ್. ತಂತಿಯ ತುದಿಯನ್ನು ಬಗ್ಗಿಸಿ ಪ್ರೊಪೆಲ್ಲರಿಗೆ ಕಚ್ಚಿಸಿ. ಮಣಿ ಇಲ್ಲದಿದ್ದರೆ ಘರ್ಷಣೆ ಶಕ್ತಿ ತಿನ್ನುತ್ತದೆ.

ಕೊಳವೆ ಮುಂದಕ್ಕೆ ಮೂರು ಡಿಗ್ರಿಯಷ್ಟು ಕೆಳಗೆ ಬಾಗಿರಬೇಕು. ಅಳೆಯುವುದು ಸುಲಭ: ಪ್ರೊಪೆಲ್ಲರನ್ನು ನೆಟ್ಟಗೆ ನಿಲ್ಲಿಸಿ ಪಕ್ಕದಿಂದ ನೋಡಿದರೆ ಮೇಲಿನ ಅಲಗಿನ ತುದಿ 4 ಮಿ.ಮೀ. ಮುಂದೆ ವಾಲಿರಬೇಕು. ಇದೇ ಡೌನ್‌ಥ್ರಸ್ಟ್. ಹಿಂದಿನ ಕೊಕ್ಕೆಗೆ ಪೇಪರ್ ಕ್ಲಿಪ್ ತಂತಿ ಸಾಕು. ಮೂತಿಯಿಂದ 20 ಸೆಂ.ಮೀ. ದೂರದಲ್ಲಿ ಮೈಯನ್ನು ತೂತು ಮಾಡಿ ಹಾಯಿಸಿ, ಅದೂ ಎಡಮುಖದಿಂದ ಅಷ್ಟೇ ಅಂತರದಲ್ಲಿ ನಿಲ್ಲುವಂತೆ ಅಂಟಿಸಿ.

ರಬ್ಬರನ್ನು 52 ಸೆಂ.ಮೀ. ಕತ್ತರಿಸಿ, ತುದಿಗಳನ್ನು ಎಂಜಲು ಹಚ್ಚಿ ಗಂಟು ಹಾಕಿದರೆ 25 ಸೆಂ.ಮೀ.ನ ಕುಣಿಕೆ ಸಿಗುತ್ತದೆ. ಗಂಟು ಹಾಕಿದ ಮೇಲೆಯೇ ಜಾರು ಹಚ್ಚಬೇಕು, ಮೊದಲಲ್ಲ. ಗ್ಲಿಸರಿನ್ ಮತ್ತು ಲಿಕ್ವಿಡ್ ಸೋಪ್ ಬೆರೆಸಿದ್ದು ಹಳೆಯ ಕಾಲದಿಂದ ನಡೆದುಬಂದ ಜಾರು, ಸಿಲಿಕಾನ್ ಎಣ್ಣೆಯೂ ಆಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ಗ್ರೀಸ್ ಮಾತ್ರ ಬೇಡ, ರಬ್ಬರ್ ಕೊಳೆಯುತ್ತದೆ. ಹೊಸ ಕುಣಿಕೆಯನ್ನು ನಾಲ್ಕು ಪಟ್ಟು ಎಳೆದು ಕೆಲ ನಿಮಿಷ ಹಿಡಿದು ಬಿಟ್ಟರೆ ಪಳಗುತ್ತದೆ. ಬಿಸಿಲಲ್ಲಿ ಇಡಬೇಡಿ, ಮುಚ್ಚಳದ ಡಬ್ಬಿಯಲ್ಲಿ, ತಂಪಾದ ಕತ್ತಲಲ್ಲಿ ಇರಲಿ. ಏರೋಮಾಡೆಲಿಂಗ್ ರಬ್ಬರ್ ಸಿಗದಿದ್ದರೆ ಸ್ಟೇಷನರಿ ಅಂಗಡಿಯ ಚಪ್ಪಟೆ ರಬ್ಬರ್ ಬ್ಯಾಂಡುಗಳನ್ನು ಒಂದಕ್ಕೊಂದು ಕೋದು ಅಭ್ಯಾಸ ಮಾಡಬಹುದು. ಹಾರಾಟ ಚಿಕ್ಕದಿರುತ್ತದೆ ಅಷ್ಟೆ.

ಮೈದಾನಕ್ಕೆ ಹೊರಡುವ ಮೊದಲು

ಎಲ್ಲ ಸೇರಿ 14ರಿಂದ 16 ಗ್ರಾಂ ಬಂದರೆ ಕೆಲಸ ಚೊಕ್ಕ. 20 ದಾಟಿದರೆ ಹಾರೀತು, ಆದರೆ ವೇಗವಾಗಿ ಹಾರಿ ಬೇಗ ಇಳಿಯುತ್ತದೆ. ರೆಕ್ಕೆಯ ಅಡಿಯಲ್ಲಿ, ಮುಂದಂಚಿನಿಂದ 2.4 ಸೆಂ.ಮೀ. ಹಿಂದೆ ಎರಡೂ ಕಡೆ ಪೆನ್ನಿನ ಚುಕ್ಕೆ ಇಡಿ. ರಬ್ಬರ್ ಸಮೇತ ವಿಮಾನವನ್ನು ಆ ಚುಕ್ಕೆಗಳ ಮೇಲೆ ಬೆರಳ ತುದಿಯಲ್ಲಿ ಎತ್ತಿದಾಗ ಸಮತೂಕವಾಗಿ ನಿಲ್ಲಬೇಕು. ಬಾಲ ಕೆಳಗಾದರೆ ಮೂತಿಗೆ ಕ್ಲೇ. ಬಹುತೇಕ 1 ಗ್ರಾಂ ಆಸುಪಾಸು ಬೇಕಾಗುತ್ತದೆ.

ಆಮೇಲೆ ವಿಮಾನವನ್ನು ಹಿಂದಿನಿಂದ, ಒಂದು ಕಣ್ಣು ಮುಚ್ಚಿ ನೋಡಿ. ಫಿನ್ ನೆಟ್ಟಗಿದೆಯೇ? ಬಾಲ ರೆಕ್ಕೆಗೆ ಸಮಾನಾಂತರವಿದೆಯೇ? ರೆಕ್ಕೆಯಲ್ಲಿ ತಿರುಚು ಇದೆಯೇ? ತಿರುಚಿದ್ದರೆ ಆ ಭಾಗವನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದು, ಉಲ್ಟಾ ತಿರುಚಿ, ತಣ್ಣಗಾಗುವವರೆಗೆ ಹಿಡಿದಿರಿ. ಕರಾವಳಿಯವರಿಗೆ ಮಳೆಗಾಲದಲ್ಲಿ ಇದು ದಿನನಿತ್ಯದ ಪೂಜೆ. ರಾತ್ರಿ ಸರಿ ಇದ್ದ ರೆಕ್ಕೆ ಬೆಳಿಗ್ಗೆ ಸೊಟ್ಟಗಿರುತ್ತದೆ. ಒಂದು ತಿರುಚು ಮಾತ್ರ ಬೇಕೆಂದೇ ಮಾಡಬೇಕು: ಎಡ ರೆಕ್ಕೆಯ ತುದಿಯಲ್ಲಿ ಹಿಂದಂಚು 2 ಮಿ.ಮೀ. ಕೆಳಗಿರಲಿ. ಕಾರಣ ಮುಂದೆ ಬರುತ್ತದೆ.

ಮೊದಲು ಗ್ಲೈಡ್

ಬೆಳಿಗ್ಗೆ ಆರರಿಂದ ಎಂಟರೊಳಗೆ, ಮರದ ಎಲೆ ಅಲುಗದ ಹೊತ್ತು. ಬೆಂಗಳೂರು, ಮೈಸೂರು ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೆಳಿಗ್ಗೆಯೇ ಎದ್ದಿರುತ್ತದೆ. ಅಕ್ಟೋಬರ್ ಕಳೆದ ಮೇಲೆ ಒಳ್ಳೆಯ ದಿನಗಳು. ಮೊಣಕಾಲುದ್ದ ಹುಲ್ಲಿದ್ದರೆ ವಿಮಾನಕ್ಕೆ ಹಾಸಿಗೆ. ರಸ್ತೆ, ವಿದ್ಯುತ್ ತಂತಿ, ವಿಮಾನ ನಿಲ್ದಾಣದ ಹತ್ತಿರ ಬೇಡ.

ರಬ್ಬರ್ ಸುತ್ತದೆ, ಭುಜದ ಎತ್ತರದಿಂದ, ಗಾಳಿಗೆ ಎದುರಾಗಿ, ಮೂತಿ ತುಸು ಕೆಳಗಿರುವಂತೆ ಬಿಡಿ. ಎಸೆಯುವುದಲ್ಲ, ನಡಿಗೆಗಿಂತ ತುಸು ವೇಗದಲ್ಲಿ ಮುಂದಕ್ಕೆ ತಳ್ಳಿ ಕೈಬಿಡುವುದು. ಸರಿಯಿದ್ದರೆ ನೇರ ಗೆರೆಯಲ್ಲಿ ಇಳಿಯುತ್ತಾ 7-8 ಮೀಟರ್ ದೂರ ಹೋಗಿ ಹುಲ್ಲಿಗೆ ತಾಗುತ್ತದೆ.

ಮೂತಿ ಎತ್ತಿ, ಗಾಳಿಯಲ್ಲಿ ಒಂದು ಕ್ಷಣ ತಡೆದು, ಥಟ್ಟನೆ ಮುಗ್ಗರಿಸಿದರೆ ಅದು ಸ್ಟಾಲ್. ಬಾಲದ ಹಿಂದಂಚನ್ನು ಕೂದಲೆಳೆಯಷ್ಟು ಕೆಳಗೆ ಬಗ್ಗಿಸಿ. ಬಾಲ್ಸಾ ಒಣಗಿದ್ದಾಗ ಬಗ್ಗಿಸಿದರೆ ಮುರಿಯುತ್ತದೆ, ಬಾಯಿಂದ ಬಿಸಿಯುಸಿರು ಊದುತ್ತಾ ಬಗ್ಗಿಸಬೇಕು. ಎರಡು ಬದಿಗೂ ಒಂದೇ ಪ್ರಮಾಣ. ಉಲ್ಟಾ, ಬಿಟ್ಟೊಡನೆ ನೆಲಕ್ಕೆ ಮುಖ ಹಾಕಿದರೆ ಹಿಂದಂಚು ಮೇಲಕ್ಕೆ. ಇಲ್ಲೊಂದು ಎಚ್ಚರಿಕೆ: ಜೋರಾಗಿ ತಳ್ಳಿದರೆ ಸರಿಯಾದ ವಿಮಾನವೂ ಸ್ಟಾಲ್ ತೋರಿಸುತ್ತದೆ, ತೀರಾ ಮೆತ್ತಗೆ ಬಿಟ್ಟರೆ ಮುಗ್ಗರಿಸುತ್ತದೆ. ಮೂರು ಸಲ ಒಂದೇ ಥರ ಬಿಟ್ಟು, ಮೂರೂ ಸಲ ಒಂದೇ ದೋಷ ಕಂಡರೆ ಮಾತ್ರ ಕೈಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಬಾಲವನ್ನೂ ಬಗ್ಗಿಸಿ ಕ್ಲೇಯನ್ನೂ ತೆಗೆದವರಿಗೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ.

ನೇರ ಗ್ಲೈಡ್ ಸಿಕ್ಕ ಮೇಲೆ ಫಿನ್‌ನ ಹಿಂದಂಚನ್ನು 1 ಮಿ.ಮೀ. ಎಡಕ್ಕೆ ಬಗ್ಗಿಸಿ. ನಮ್ಮ ಪುಷ್ಪಕ್ ಎಡಕ್ಕೆ ದೊಡ್ಡ ಸುತ್ತು ಹಾಕುತ್ತಾ ಹಾರಬೇಕು. ಸುಮ್ಮನೆ ನೇರ ಹಾರಿದರೆ ಮೈದಾನದಾಚೆ ಹೋಗಿಬಿಡುತ್ತದೆ.

ಈಗ ರಬ್ಬರ್ ಸುತ್ತಿ

ಪ್ರೊಪೆಲ್ಲರ್ ಎದುರಿಗೆ ನಿಂತು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಬೇಕು. ಮೊದಲ ಸಲ 80 ಸುತ್ತು ಸಾಕು. ಒಂದು ಕೈಯಲ್ಲಿ ಪ್ರೊಪೆಲ್ಲರ್, ಇನ್ನೊಂದರಲ್ಲಿ ರೆಕ್ಕೆಯ ಕೆಳಗಿನ ಮೈ. ಗಾಳಿ ಬರುವ ದಿಕ್ಕಿನಿಂದ ಸ್ವಲ್ಪ ಬಲಕ್ಕೆ ಮುಖ ಮಾಡಿ, ಎಡಕ್ಕೆ ತುಸು ವಾಲಿಸಿ, ಪ್ರೊಪೆಲ್ಲರ್ ಬಿಟ್ಟ ಕ್ಷಣದಲ್ಲೇ ವಿಮಾನವನ್ನೂ ಮೆತ್ತಗೆ ಮುಂದೂಡಿ. ಸಮ ಎತ್ತರದಲ್ಲಿ ಅರ್ಧ ಸುತ್ತು ಹಾಕಿದರೆ 120ಕ್ಕೆ, ಆಮೇಲೆ 180ಕ್ಕೆ ಏರಿಸಿ.

ಪ್ರೊಪೆಲ್ಲರ್ ಬಲಕ್ಕೆ ತಿರುಗಿದರೆ ಅದರ ಪ್ರತಿಕ್ರಿಯೆಗೆ ಮೈ ಎಡಕ್ಕೆ ಉರುಳಲು ನೋಡುತ್ತದೆ. ಸುತ್ತು ಹೆಚ್ಚಿದಷ್ಟೂ ಜೋರು. ಎಡ ರೆಕ್ಕೆಯಲ್ಲಿ ಮಾಡಿದ್ದ ಆ 2 ಮಿ.ಮೀ. ತಿರುಚು ಈಗ ಕೆಲಸಕ್ಕೆ ಬರುತ್ತದೆ, ಕುಸಿಯಲಿರುವ ರೆಕ್ಕೆಯನ್ನು ಎತ್ತಿ ಹಿಡಿಯುತ್ತದೆ. ರಬ್ಬರ್ ಎಡಬದಿಗಿರುವುದರಿಂದ ಎಳೆತದ ಗೆರೆಯೂ ಎಡಕ್ಕೆ ಸರಿದಿದೆ, ಅದು ಮೂತಿಯನ್ನು ಕೊಂಚ ಬಲಕ್ಕೆ ತಳ್ಳುತ್ತದೆ. ಇಷ್ಟಾದರೂ ಏರುವಾಗ ಎಡಕ್ಕೆ ಸುರುಳಿ ಸುತ್ತಿ ನೆಲಕ್ಕೆ ಬಂದರೆ, ಕೊಳವೆಯ ಕೆಳಗೆ ಕಾಗದದ ಸೀಳು ತೂರಿಸಿ ಅದರ ಮುಂದಿನ ಬಾಯಿಯನ್ನು ಬಲಕ್ಕೆ ಒಂದೆರಡು ಡಿಗ್ರಿ ತಿರುಗಿಸಿ.

ಮಾದರಿ ಹಾರಿಸುವವರು ಬಹಳ ಎಡವುವ ಜಾಗ ಇದು: ಗ್ಲೈಡ್ ಚೆನ್ನಾಗಿತ್ತು, ರಬ್ಬರ್ ಸುತ್ತಿದರೆ ಸ್ಟಾಲ್ ಆಗುತ್ತಿದೆ. ಆಗ ಕೈ ತಾನಾಗಿ ಬಾಲದ ಕಡೆ ಹೋಗುತ್ತದೆ. ಬಾಲ ಮುಟ್ಟಬೇಡಿ. ಗ್ಲೈಡ್ ಸರಿಯಿದೆ ಎಂದರೆ ರೆಕ್ಕೆ, ಬಾಲ, ತೂಕ ಎಲ್ಲವೂ ಸರಿಯಿದೆ. ತಪ್ಪು ಎಳೆತದ ದಿಕ್ಕಿನಲ್ಲಿದೆ, ಡೌನ್‌ಥ್ರಸ್ಟ್ ಹೆಚ್ಚಿಸಿ. ಬಾಲ ಬಗ್ಗಿಸಿ ಏರಿಕೆಯನ್ನು ಸರಿ ಮಾಡಿದರೆ ರಬ್ಬರ್ ಮುಗಿದ ಕೂಡಲೇ ವಿಮಾನ ನೆಲಕ್ಕೆ ಗುದ್ದುತ್ತದೆ. ಪ್ರೊಪೆಲ್ಲರ್ ತಿರುಗುವಾಗಿನ ದೋಷಕ್ಕೆ ಕೊಳವೆ, ಅದು ನಿಂತ ಮೇಲಿನ ದೋಷಕ್ಕೆ ಬಾಲ ಮತ್ತು ಕ್ಲೇ. ಸುತ್ತು ಹೆಚ್ಚಿಸಿದಂತೆ ಹೊಸ ದೋಷ ಕಾಣಿಸಿಕೊಳ್ಳುವುದು ಸಹಜ. 120 ಸುತ್ತಿಗೆ ಸಾಲುವ ಡೌನ್‌ಥ್ರಸ್ಟ್ 250ಕ್ಕೆ ಸಾಲದೆ ಹೋಗಬಹುದು.

ಎಷ್ಟು ಸುತ್ತು ತಡೆಯುತ್ತದೆ? ರಬ್ಬರಿನಿಂದ ರಬ್ಬರಿಗೆ ಬೇರೆ. ಅದೇ ಅಳತೆಯ ಒಂದು ಕುಣಿಕೆಯನ್ನು ಬಲಿ ಕೊಡಿ: ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಮುರಿಯುವವರೆಗೆ ಎಣಿಸುತ್ತಾ ಸುತ್ತಿ. ಬಂದ ಸಂಖ್ಯೆಯ ನೂರಕ್ಕೆ 80ರಷ್ಟು ನಿಮ್ಮ ಮಿತಿ. ಬೆರಳಲ್ಲಿ ಸುತ್ತುವುದರಿಂದ ರಬ್ಬರಿನ ಪೂರ್ತಿ ಶಕ್ತಿ ಸಿಗುವುದಿಲ್ಲ. ಕೈಡ್ರಿಲ್ಲಿನ ಬಾಯಿಗೆ ತಂತಿ ಕೊಕ್ಕೆ ಹಾಕಿ, ಗೆಳೆಯನೊಬ್ಬ ವಿಮಾನದ ಮೂತಿಯನ್ನು ಹಿಡಿದಿರುವಾಗ ರಬ್ಬರಿನ ಹಿಂತುದಿಯನ್ನು ಮೈಯ ಕೊಕ್ಕೆಯಿಂದ ಬಿಡಿಸಿ ಡ್ರಿಲ್ಲಿನ ಕೊಕ್ಕೆಗೆ ಸಿಕ್ಕಿಸಿ, ಮೂರು ನಾಲ್ಕು ಪಟ್ಟು ಎಳೆದು ಸುತ್ತಿ. ಅರ್ಧ ಸುತ್ತು ಮುಗಿಯುವವರೆಗೆ ದೂರದಲ್ಲೇ ನಿಂತು, ಉಳಿದರ್ಧ ಸುತ್ತುತ್ತಾ ಹತ್ತಿರ ಬನ್ನಿ. ಡ್ರಿಲ್ ಒಂದು ಸಲ ತಿರುಗಿಸಿದರೆ ರಬ್ಬರ್ ಎಷ್ಟು ಸಲ ಸುತ್ತುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಹಿಂದಿನಿಂದ ಸುತ್ತುವಾಗಲೂ ದಿಕ್ಕು ಒಂದೇ: ರಬ್ಬರಿನ ಹಿಂತುದಿಯ ಎದುರು ನಿಂತವರಿಗೆ ಗಡಿಯಾರದ ದಿಕ್ಕು. ಕಿತ್ತ ರಬ್ಬರ್ ಕಣ್ಣಿಗೆ ಹೊಡೆಯಬಹುದು, ಕನ್ನಡಕ ಹಾಕಿಕೊಳ್ಳಿ.

ಬೆರಳಲ್ಲಿ ಸುತ್ತಿದರೆ 15 ಸೆಕೆಂಡು ಹಾರಾಟ ಒಳ್ಳೆಯದು. ಒಳ್ಳೆಯ ರಬ್ಬರನ್ನು ಎಳೆದು ಸುತ್ತಿದರೆ ಅರ್ಧ ನಿಮಿಷ ನಿರೀಕ್ಷಿಸಬಹುದು. ಒಂಬತ್ತು ಗಂಟೆ ದಾಟಿ ನೆಲ ಕಾದು, ಹದ್ದುಗಳು ರೆಕ್ಕೆ ಬಡಿಯದೆ ಸುತ್ತತೊಡಗಿದರೆ ಅಲ್ಲಿ ಥರ್ಮಲ್, ಅಂದರೆ ಮೇಲೇಳುವ ಬಿಸಿಗಾಳಿ, ಇದೆ ಎಂದರ್ಥ. ಹದಗೊಂಡ ಪುಷ್ಪಕ್ ಅದಕ್ಕೆ ಸಿಕ್ಕರೆ ಗಡಿಯಾರ ಮರೆತುಬಿಡಿ, ಹಿಂದೆ ಓಡಿ. ರೆಕ್ಕೆಯ ಅಡಿಯಲ್ಲಿ ಫೋನ್ ನಂಬರ್ ಬರೆದಿರಬೇಕೆಂದು ಹೇಳುವುದು ಇದಕ್ಕೇ.

ಮುರಿದರೆ, ಮತ್ತು ಮುಂದಿನದು

ಬಾಲ್ಸಾ ಎಳೆಯ ಗುಂಟ ಸೀಳುತ್ತದೆ, ಸೀಳು ಚೊಕ್ಕವಾಗಿರುತ್ತದೆ. ತುಂಡುಗಳನ್ನು ಜೋಡಿಸಿ ಒಂದು ಹನಿ ಸೈನೋ ಬಿಟ್ಟರೆ ಐದು ನಿಮಿಷದಲ್ಲಿ ಮತ್ತೆ ಹಾರಾಟ. ರಿಪೇರಿಯ ಅಂಟೂ ತೂಕವೇ, ಅದಕ್ಕೆ ಪ್ರತಿ ರಿಪೇರಿಯ ನಂತರ ಚುಕ್ಕೆಗಳ ಮೇಲೆ ಎತ್ತಿ ನೋಡಿ, ಮತ್ತೆ ಗ್ಲೈಡ್‌ನಿಂದ ಶುರು ಮಾಡಿ.

ಪುಷ್ಪಕ್ ಕೈಗೆ ಹತ್ತಿದ ಮೇಲೆ ಇದೇ ಅಳತೆಯಲ್ಲಿ ಎಚ್‌ಟಿ-2 ಪ್ರಯತ್ನಿಸಿ. 1951ರಲ್ಲಿ ಮೊದಲು ಹಾರಿದ, ಅದೂ ಬೆಂಗಳೂರಿನದೇ ತರಬೇತಿ ವಿಮಾನ, ಆದರೆ ರೆಕ್ಕೆ ಮೈಯ ಕೆಳಗಡೆ. ತೂಕ ರೆಕ್ಕೆಯ ಮೇಲೆ ಕೂರುವುದರಿಂದ ತಾನಾಗಿ ಸಮ ನಿಲ್ಲುವ ಗುಣ ಕಡಿಮೆ. ತುದಿಗಳನ್ನು 3ರ ಬದಲು 4.5 ಸೆಂ.ಮೀ. ಎತ್ತಬೇಕು. ರೆಕ್ಕೆಯ ಪೀಠವನ್ನು ಹೊಟ್ಟೆಯ ಅಂಚಿಗೆ ಇಳಿಸುವಾಗ ಆ ಎರಡೂವರೆ ಡಿಗ್ರಿ ಇಳಿಜಾರು ಮಾತ್ರ ಹಾಗೆಯೇ ಇರಲಿ.